ದೋಹಾದಲ್ಲಿ ನನ್ನ ಮೊದಲ ಮಳೆ

ಮಳೆಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬ ಸೊಕ್ಕು ಕರಾವಳಿಯವನಾದ ನನಗೆ ಮೊದಲಿನಿಂದಲೂ ಇತ್ತು. ಹೋದ ಚಳಿಗಾಲದಲ್ಲಿ ಆ ಸೊಕ್ಕು ಇಳಿಯಿತು. ಇಳಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಗಳು ಬಸುರಿ. ಅವಳ ಹೆರಿಗೆ, ಬಾಣಂತನಕ್ಕೆಂದು ನಾನೂ ಹೆಂಡತಿಯೂ ಹಿಂದಿನ ರಾತ್ರಿಯಷ್ಟೇ ದೋಹಾಕ್ಕೆ ಬಂದು, ಬಿನ್ ಒಮ್ರಾನ್‌ನಲ್ಲಿರುವ ಅವಳ ಫ್ಲ್ಯಾಟಿಗೆ ಸೇರಿದ್ದೆವು. ಅಳಿಯ ದೂರದ ಅಲ್ ಶಮಾಲ್ ಕಡೆ ಸೈಟಿನ ಕೆಲಸದಲ್ಲಿದ್ದ. ಬೆಳಗ್ಗೆ ಎದ್ದು ನೋಡಿದರೆ ಕಿಟಕಿಯ ಹೊರಗೆ ಮಳೆ. ಮಳೆಯೆಂದರೆ ಎಂಥ ಮಳೆ! ನಮ್ಮಲ್ಲಿ ಇಷ್ಟಕ್ಕೆ ಅಂಗಳದ ಹಪ್ಪಳವನ್ನೂ ಒಳಗೆ ತರುವುದಿಲ್ಲ. ಇಲ್ಲಿ ಶಾಲೆಗಳಿಗೆ ರಜೆಯಂತೆ, ಮಗಳಿಗೆ ಮನೆಯಿಂದಲೇ ಆಫೀಸಂತೆ.

"ಇದಕ್ಕೆಲ್ಲ ರಜೆಯಾ?" ಎಂದು ನಕ್ಕೆ.

"ನಗ್ಬೇಡಿ ಪಪ್ಪ. ಇಲ್ಲಿ ನೀರು ಹೋಗ್ಲಿಕ್ಕೆ ಜಾಗ ಇಲ್ಲ. ಇವತ್ತು ಹೊರಗೆ ಹೋಗುದು ಬೇಡ. ಸೂಕ್ ವಾಕಿಫ್ ನಾಳೆ ನಾನೇ ತೋರಿಸ್ತೇನೆ."

ಆ ಹಳೇ ಪೇಟೆಯನ್ನು ನೋಡಬೇಕೆಂದು ಏರ್‌ಪೋರ್ಟಿನಿಂದ ಬರುವಾಗಲೇ ನಾನು ಹಟ ಹಿಡಿದಿದ್ದೆ. ಅವಳು ಕೋಣೆಯ ಬಾಗಿಲು ಹಾಕಿಕೊಂಡು ಮೀಟಿಂಗಿಗೆ ಕೂತಳು. ನಾನು ಚಪ್ಪಲಿ ಮೆಟ್ಟಿದೆ. ಊರಿನಿಂದ ತಂದ ಉಪ್ಪಿನಕಾಯಿಯ ಕಟ್ಟು ಬಿಚ್ಚುತ್ತಿದ್ದ ಹೆಂಡತಿ ತಲೆಯೆತ್ತಿದಳು.

"ಎಲ್ಲಿಗೆ?"

"ಇಲ್ಲೇ, ಗೇಟಿನವರೆಗೆ."

"ನಿಮ್ಮ ಗೇಟು ಎಷ್ಟು ದೂರ ಅಂತ ನಂಗೆ ಗೊತ್ತಿಲ್ವಾ? ಕೊಡೆಯಾದ್ರೂ ಹಿಡ್ಕೊಳ್ಳಿ."

ಆ ಹನಿಗೆ ಕೊಡೆ ಬಿಡಿಸಲು ನಾಚಿಕೆಯಾಗಿ ಹಾಗೇ ಇಳಿದೆ.

ರಸ್ತೆಗೆ ಬಂದವನಿಗೆ ಕಣ್ಣನ್ನು ನಂಬಲಾಗಲಿಲ್ಲ. ಮಳೆ ಬಂತೆಂದು ಇಲ್ಲಿ ಯಾರೂ ಒಳಗೆ ಓಡುವುದಿಲ್ಲ, ಹೊರಗೆ ಬರುತ್ತಾರೆ! ಕಾರುಗಳು ಮೆಲ್ಲಗೆ ಹೋಗುತ್ತಿದ್ದವು, ಗಾಜು ಇಳಿಸಿದ ಕಿಟಕಿಗಳಿಂದ ಕೈಗಳು ಹೊರಗೆ ಚಾಚಿದ್ದವು. ಬಿಳಿ ನಿಲುವಂಗಿಯ ಹಿರಿಯರೊಬ್ಬರು ಫುಟ್‌ಪಾತಿನಲ್ಲಿ ನಿಂತು, ಆಕಾಶಕ್ಕೆ ಮುಖವೊಡ್ಡಿ, ಗಡ್ಡದಿಂದ ನೀರಿಳಿಯುತ್ತಿದ್ದರೂ ಅಲ್ಲಾಡಲಿಲ್ಲ. ನಮ್ಮೂರಿನಲ್ಲಾಗಿದ್ದರೆ ಮನೆಯವರು ಬಂದು ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದರು.

ಅಷ್ಟರಲ್ಲಿ ಮಳೆ ಜೋರಾಯಿತು. ನೀರು ಪಾದ ಮುಚ್ಚಿತು. ನಮ್ಮಲ್ಲಿಯ ನೀರಿಗೆ ಹೊಳೆಗೋ ಕಡಲಿಗೋ ಮುಟ್ಟುವ ಅವಸರ. ಇಲ್ಲಿಯದು ಎತ್ತಲೂ ಹರಿಯದೆ ಸುಮ್ಮನೆ ನಿಂತು ಏರುತ್ತಿತ್ತು. ಅದನ್ನು ನೋಡಿಯೂ ನನಗೆ ತಿಳಿಯಲಿಲ್ಲ. "ಇದೆಂಥ ನೀರಪ್ಪಾ" ಎಂದು ತುಳುವಿನಲ್ಲಿ ಗೊಣಗಿಕೊಂಡು, ಮಗಳ ಕಟ್ಟಡದ ಹಿಂದಿನ ಗಲ್ಲಿಯ ಚಾದಂಗಡಿಗೆ ಹತ್ತಿದೆ.

"ಊರಿನವರಾ?" ಒಳಗಿನಿಂದ ದನಿ ಬಂತು. ಅಂಗಡಿಯವರು ನಮ್ಮ ಕಡೆಯ ಬ್ಯಾರಿಗಳು. ನನ್ನನ್ನು ಕೂರಿಸಿ, ಏಲಕ್ಕಿ ಹಾಕಿದ ಗಟ್ಟಿ ಕರಕ್ ಚಾ ಕೊಟ್ಟರು. "ಮನೆಯಲ್ಲಿ ಹೇಳಿ ಬಂದಿದ್ದೀರಾ? ಒಂದು ಫೋನ್ ಮಾಡಿ ಮಾರ್ರೆ. ಇಲ್ಲಿಯ ಮಳೆ ನಮ್ಮ ಊರಿನ ಹಾಗಲ್ಲ."

"ಮಳೆ ನನಗೆ ಹೊಸತಾ?" ಎಂದು ನಾನು ಆಷಾಢದ ನೆರೆಯ ಕಥೆ ತೆಗೆದೆ.

ಕಥೆಯ ನಡುವೆ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮಗಳ ಹೆಸರು ಕಂಡಿತು. ಎತ್ತಿದರೆ ಬೈಯುತ್ತಾಳೆ, ಹೊಸ ಪರಿಚಯದವರ ಎದುರು ಮರ್ಯಾದೆ ಹೋಗುತ್ತದೆ ಎನಿಸಿತು. ಸದ್ದು ನಿಲ್ಲಿಸಿ ಮತ್ತೆ ಜೇಬಿಗೆ ಹಾಕಿದೆ. ನೆರೆಯ ಕಥೆ ಮುಂದುವರಿಸಿದೆ. ಇನ್ನೊಂದು ಚಾ ಕುಡಿದೆ.

ಅಂಗಡಿಯವರ ಫೋನಿಗೆ ಊರಿನವರ ವಾಟ್ಸಾಪ್ ಗುಂಪಿನಿಂದ ಒಂದು ವಿಡಿಯೊ ಬಂತು. "ಯಾ ಅಲ್ಲಾ! ಹತ್ತಿರದ್ದೇ ಅಂಡರ್‌ಪಾಸ್ ಇದು, ನೋಡಿ" ಎಂದು ನನ್ನೆದುರು ಹಿಡಿದರು. ಕಾರೊಂದು ಕಿಟಕಿಯವರೆಗೆ ಮುಳುಗಿತ್ತು. ಕೆಲಸದ ಬಟ್ಟೆಯಲ್ಲಿದ್ದ ಗಂಡಸರು ಎದೆಮಟ್ಟದ ನೀರಿನಲ್ಲಿ ನಿಂತು, ಕಿಟಕಿಯಿಂದ ಹೆಂಗಸೊಬ್ಬಳನ್ನು ಹೊರಗೆಳೆಯುತ್ತಿದ್ದರು. ಹೊಟ್ಟೆ ಸಿಕ್ಕಿಹಾಕಿಕೊಂಡಿತ್ತು. ಬಸುರಿ.

"ಈ ಮಳೆಗೆ ಬಸುರಿಯನ್ನು ಹೊರಗೆ ಬಿಟ್ಟಿದ್ದಾರಲ್ಲ, ಮನೆಯವರಿಗೆ ಬುದ್ಧಿ ಬೇಡ್ವಾ?" ಎಂದೆ.

ಆಗ ಅವಳು ಮುಖ ತಿರುಗಿಸಿದಳು. ಬೆಳಗ್ಗೆ ನನ್ನ ಮುಂದೆ ತಿಂಡಿಯ ತಟ್ಟೆ ಇಟ್ಟಾಗ ತೊಟ್ಟಿದ್ದ ಹಳದಿ ಚೂಡಿದಾರ.

ನಾನು ವಿಡಿಯೊವನ್ನೂ ನನ್ನ ಎದೆಯನ್ನೂ ತೋರಿಸುತ್ತಿದ್ದೆನಂತೆ, ಅಂಗಡಿಯವರು ಆಮೇಲೆ ಹೇಳಿದರು. ಫೋನು ಮಾಡಿದರೆ ಅವಳದು ಸತ್ತಿತ್ತು. ಅವರು ಒಲೆ ಆರಿಸಿ ಅಂಗಡಿ ಮುಚ್ಚಿದರು. ಕಾರು ಹೋಗುವಂತಿರಲಿಲ್ಲ. ನನ್ನ ರಟ್ಟೆ ಹಿಡಿದು ಮೊಣಕಾಲುಮಟ್ಟದ ನೀರಿನಲ್ಲಿ ನಡೆಸಿಕೊಂಡು ಹೋದರು. ನಾವು ಮುಟ್ಟುವಷ್ಟರಲ್ಲಿ ಕಾರಿನ ಮಾಡು ಮಾತ್ರ ಕಾಣುತ್ತಿತ್ತು. ಮಗಳನ್ನು ಆಂಬುಲೆನ್ಸಿಗೆ ಏರಿಸುತ್ತಿದ್ದರು.

ಆಸ್ಪತ್ರೆಯಲ್ಲಿ ಅವಳ ಹೊಟ್ಟೆಯ ಮೇಲೆ ಯಂತ್ರ ಇಟ್ಟರು. ಮೊದಲು ಬರೀ ಗೊರಗೊರ. ನರ್ಸು ಯಂತ್ರವನ್ನು ಸರಿಸಿ ಸರಿಸಿ ಹುಡುಕಿದಳು. ಅಷ್ಟು ಹೊತ್ತು ನಾನು ಬದುಕಿದ್ದೆ ಎಂದು ಹೇಳಲಾರೆ. ಆಮೇಲೆ ಕುದುರೆ ಓಡಿದ ಹಾಗೆ ಮಗುವಿನ ಎದೆಬಡಿತ ಕೇಳಿತು.

"ನೀವು ಸೂಕ್‌ಗೇ ಹೋಗಿದ್ದೀರಿ ಅಂತ ಹೊರಟೆ ಪಪ್ಪ," ಎಂದಳು ಮಗಳು. "ಎಲ್ಲಿದ್ರಿ? ಫೋನ್ ಯಾಕೆ ತೆಗೀಲಿಲ್ಲ?"

"ದಾರಿ ತಪ್ಪಿತು ಮಗಾ. ಮಳೆಯ ಸದ್ದಿಗೆ ಫೋನು ಕೇಳಲಿಲ್ಲ."

ಪಕ್ಕದಲ್ಲಿದ್ದ ಅಂಗಡಿಯವರು ನನ್ನ ಮುಖ ನೋಡಿದರು. ಮತ್ತೆ ಬಗ್ಗಿ ಪ್ಯಾಂಟಿನ ತುದಿ ಹಿಂಡತೊಡಗಿದರು.

"ತಪ್ಪು ನಂದೇ," ಮಗಳು ನನ್ನ ಕೈಹಿಡಿದು ಅತ್ತಳು. "ಹೊಸ ಊರು, ನಿಮಗೆ ಎಂಥ ಗೊತ್ತು? ನಾನು ಬಾಗಿಲು ಹಾಕಿ ಕೂತದ್ದು ತಪ್ಪು."

ನಾನು ಅವಳ ತಲೆ ಸವರಿ, "ಆಯ್ತು ಬಿಡು" ಎಂದೆ, ಕ್ಷಮಿಸುವವನ ಹಾಗೆ.

ಮೊಮ್ಮಗಳು ಈಗ ಅಂಬೆಗಾಲಿಕ್ಕುತ್ತಾಳೆ. ನೆಂಟರು ಆ ದಿನದ ಮಾತೆತ್ತಿದಾಗಲೆಲ್ಲ ಮಗಳು, "ಪಾಪ, ಪಪ್ಪನಿಗೆ ದಾರಿ ತಪ್ಪಿತ್ತು" ಎನ್ನುತ್ತಾಳೆ, ನಾನು ತಲೆಯಾಡಿಸುತ್ತೇನೆ. ಇನ್ನು ಆಡಿಸಲಾರೆ. ಮಗಾ, ನನಗೆ ದಾರಿ ತಪ್ಪಿರಲಿಲ್ಲ. ನೀನು ನೀರಿಗಿಳಿದಾಗ ನಾನು ನಿನ್ನ ಮನೆಯ ಹಿಂದೆಯೇ ಚಾ ಕುಡಿಯುತ್ತ ಕೂತಿದ್ದೆ. ನಿನ್ನ ಹೆಸರು ನೋಡಿಯೇ ಫೋನು ಜೇಬಿಗೆ ಹಾಕಿದೆ.