ಅನಸೂಯಾಬಾಯಿ ಬರೆದ ಪಾಠ

ಅನಸೂಯಾಬಾಯಿ ಶಿಕ್ಷಕಿಯಾಗಿ ಇಳಕಲ್ಲಿಗೆ ಬಂದದ್ದು ೧೯೫೧ರಲ್ಲಿ. ಆಗ ಅವರಿಗೆ ಮೂವತ್ತೆರಡು. ಬಾಗಲಕೋಟೆಯವರು. ಹದಿನಾರನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದರು. ಅಣ್ಣ ದತ್ತಾತ್ರೇಯ ಮನೆಯ ಹಿರಿಯರ ಮಾತು ಮೀರಿ ಅವರನ್ನು ಧಾರವಾಡಕ್ಕೆ ಕಳಿಸಿ ಶಿಕ್ಷಕಿಯ ತರಬೇತಿ ಕೊಡಿಸಿದ್ದ. “ಅಣ್ಣನ ದಯಾದಿಂದ ನಾಲ್ಕಕ್ಷರ ಬಂತು” ಎಂದು ಅವರು ಎಲ್ಲರೆದುರೂ ಹೇಳುತ್ತಿದ್ದರು. ಓದು ತಮಗೆ ಸಲ್ಲಬೇಕಾದದ್ದು ಎಂದು ಅವರಿಗೆ ಎಂದೂ ಅನ್ನಿಸಿರಲಿಲ್ಲ.

ಅದು ಎರಡೇ ಕೋಣೆಗಳ ಹೆಣ್ಣುಮಕ್ಕಳ ಶಾಲೆ. ಹಾಜರಿ ಬರೆಯುವವರೂ ಮೇಲಿನವರಿಗೆ ಉತ್ತರ ಕೊಡುವವರೂ ಅನಸೂಯಾಬಾಯಿಯೇ. ಮರುವರ್ಷ ನಾಲ್ಕನೇ ಇಯತ್ತೆಯಲ್ಲಿ ಹುಲಿಗೆವ್ವ ಎಂಬ ಹುಡುಗಿ ಇದ್ದಳು, ನೇಕಾರ ಚಂದಪ್ಪನ ಹಿರಿಮಗಳು. ಲೆಕ್ಕ ಹೇಳಿ ಮುಗಿಸುವುದರೊಳಗೆ ಉತ್ತರ ಬರೆದು ಪಾಟಿ ಎತ್ತಿ ಹಿಡಿಯುವವಳು. ಅವಳು ಒಂದು ವಾರ ಬರಲಿಲ್ಲ. ಅನಸೂಯಾಬಾಯಿ ಮನೆಗೇ ಹೋದರು.

ಚಂದಪ್ಪ ಮಗ್ಗದ ಕುಣಿಯಲ್ಲಿ ಕುಳಿತಿದ್ದ. ಹುಲಿಗೆವ್ವ ಗೋಡೆಯ ಬದಿಗೆ ರಾಟಿ ತಿರುಗಿಸುತ್ತ, ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು.

“ಇವರವ್ವಗ ಕಣ್ಣು ಮಂಜಾಗ್ಯಾವ್ರಿ ಅಕ್ಕೋರ. ನೂಲಿನ ಎಳಿ ಕಾಣವಲ್ಲದು. ಇಕಿ ಸುತ್ತಿದ್ರ ಮಗ್ಗ ನಡೀತೈತಿ. ಹುಡುಗನ್ನ ಸಾಲಿಗಿ ಹಾಕೇನಿ.”

“ಹನ್ನೊಂದು ತುಂಬೂತನಕ ಸಾಲಿ ಬಿಡಸೂಹಂಗಿಲ್ಲ, ಚಂದಪ್ಪ. ಕಾಯಿದೆ ಅದ. ಇಕಿಗೆ ಇನ್ನೂ ಹತ್ತು.”

ಚಂದಪ್ಪ ಲಾಳಿ ನಿಲ್ಲಿಸಿದ. “ಹೆಣ್ಣುಹುಡುಗಿ ಸಲುವಾಗಿ ನೋಟೀಸ್ ಕೊಡ್ತೀರೇನ್ರಿ?”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯವಿತ್ತು. ಹುಲಿಗೆವ್ವನ ಕೈ ರಾಟಿಯ ಮೇಲೆ ನಿಂತಿತ್ತು. ಅವಳು ಅಕ್ಕೋರ ಬಾಯನ್ನೇ ನೋಡುತ್ತಿದ್ದಳು. ಅನಸೂಯಾಬಾಯಿಗೆ ಗೊತ್ತಿತ್ತು, ಗಂಡುಹುಡುಗರ ಶಾಲೆಯಿಂದ ಇಂಥ ತಂದೆಯರಿಗೆ ಎರಡೆರಡು ಸಲ ನೋಟೀಸು ಹೋಗುತ್ತಿದ್ದವು. ಆದರೂ ಅವರು, “ಛೇ, ನೋಟೀಸ್ ಯಾಕ” ಎಂದುಬಿಟ್ಟರು. ಎದ್ದು ಹೋಗಿ ಹುಡುಗಿಯ ತಲೆ ಸವರಿ, “ಶಾಣ್ಯಾ ಇದ್ದೀ. ತಮ್ಮಗ ಓದಸು” ಎಂದರು. ಹುಲಿಗೆವ್ವನ ಕಣ್ಣಿಂದ ನೀರು ಇಳಿಯಿತು. ಅವರು ನೋಡಿದರು, ನೋಡದವರಂತೆ ಹೊರಗೆ ಬಂದರು.

ಗೈರುಹಾಜರಿ ಹಾಗೇ ಬಿಟ್ಟರೆ ಇನ್‌ಸ್ಪೆಕ್ಟರ್ ಸಾಹೇಬರು ಕೇಳುತ್ತಾರೆಂದು ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ಪರಸ್ಥಳಕ್ಕೆ ಹೋಗಿದ್ದಾಳೆ’ ಎಂದು ಬರೆದರು. ಹುಡುಗಿ ಶಾಲೆಯಿಂದ ಮೂರು ಓಣಿ ಆಚೆಗಿದ್ದಳು.

ಎರಡು ವರ್ಷದ ಮೇಲೆ ಬಾಗಲಕೋಟೆಯಲ್ಲಿ ಮುದ್ರಣಾಲಯ ನಡೆಸುತ್ತಿದ್ದ ಜಯತೀರ್ಥ ಎಂಬವರು ಹೆಣ್ಣುಮಕ್ಕಳಿಗಾಗಿ ನೀತಿಕಥೆಗಳ ಓದುಪುಸ್ತಕ ಹೊರಡಿಸಿದರು. ಒಂದು ಪಾಠ ಬರೆದುಕೊಡಿರೆಂದು ಅನಸೂಯಾಬಾಯಿಯನ್ನು ಕೇಳಿದರು. ಅವರು ‘ತ್ಯಾಗಮಯಿ ಅಕ್ಕ’ ಎಂಬ ಕಥೆ ಬರೆದರು. ಅದರಲ್ಲಿ ನೇಕಾರನ ಮಗಳೊಬ್ಬಳು ನಗುನಗುತ್ತ ತನ್ನ ಪಾಟಿಯನ್ನು ತಮ್ಮನ ಕೈಗಿಟ್ಟು, “ನೀನು ಕಲಿತರೆ ನಾನೇ ಕಲಿತಂತೆ” ಎನ್ನುತ್ತಾಳೆ. ಓದಿದವರೆಲ್ಲ ಹೊಗಳಿದರು. ಮೊದಲ ಪ್ರತಿಯನ್ನು ಅವರು ಅಣ್ಣನಿಗೆ ಕಳಿಸಿದರು. ಬರೆಯುವಾಗ ಹುಲಿಗೆವ್ವನ ಮುಖ ಕಣ್ಣ ಮುಂದೆ ಬಂದಿತ್ತು. ಆ ಮುಖದ ಮೇಲೆ ನಗೆಯನ್ನಿಟ್ಟ ಮೇಲೆ ಅವರಿಗೇ ಹಗುರವೆನಿಸಿತ್ತು.

೧೯೫೭ರ ಒಂದು ಮಧ್ಯಾಹ್ನ ಹುಲಿಗೆವ್ವ ಶಾಲೆಯ ಬಾಗಿಲಲ್ಲಿ ಬಂದು ನಿಂತಳು. ಹದಿನೈದರ ಹುಡುಗಿ, ಸೀರೆ ಉಟ್ಟಿದ್ದಳು. ಕೈಯಲ್ಲಿ ಅದೇ ಪುಸ್ತಕ. ಅವಳ ತಂಗಿ ಸಂಗವ್ವ ಆಗ ಮೂರನೇ ಇಯತ್ತೆಯಲ್ಲಿದ್ದಳು.

“ಈ ಪಾಠ ನೀವ ಬರದೀರೇನ್ರಿ ಅಕ್ಕೋರ?”

“ಹೌದವಾ.”

“ನಿನ್ನಿ ಸಂಗವ್ವ ಮನ್ಯಾಗ ಓದಿದ್ಳು. ಅಪ್ಪ ಕೇಳಿ, ‘ನೋಡು, ನಿಮ್ಮಕ್ಕನ್ನ ಬುಕ್ಕಿನ್ಯಾಗ ಬರದಾರ, ಇನ್ನ ನೀನೂ ಸಾಲಿ ಬಿಡು’ ಅಂದ.” ಅವಳು ಪುಟ ತೆಗೆದು ಸಾಲಿನ ಮೇಲೆ ಬೆರಳಿಟ್ಟಳು. “ಇಲ್ಲಿ ನಕ್ಕೋತ ಪಾಟಿ ಕೊಟ್ಳು ಅಂತ ಐತಿ. ನಾ ನಗಲಿಲ್ರಿ. ನೀವು ಅಲ್ಲೇ ಇದ್ರಿ.”

ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಹುಲಿಗೆವ್ವ ಪುಸ್ತಕವನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದಳು.

ಅಂದು ಸಂಜೆ ಶಾಲೆ ಬಿಟ್ಟೊಡನೆ ಅವರು ಚಂದಪ್ಪನ ಮನೆಗೆ ನಡೆದರು. ಸಂಗವ್ವನನ್ನು ಬಿಡಿಸಬೇಡ ಎಂದರು. ಚಂದಪ್ಪ ಗೌರವದಿಂದಲೇ ಕೇಳಿದ: “ಬಿಟ್ರ ಚಲೋ ಅಂತ ನೀವ ಬರದೀರಲ್ರಿ?”

“ಸುಳ್ಳು ಬರದೇನಿ.”

“ಬುಕ್ಕಿನ್ಯಾಗ ಸುಳ್ಳು ಬರೀತಾರೇನ್ರಿ?”

“ನಾ ಬರದೇನಿ, ಚಂದಪ್ಪ. ಹಾಜರಿ ಪುಸ್ತಕದಾಗೂ ಬರದೇನಿ. ಸಂಗವ್ವನ್ನ ಬಿಡಿಸಿದ್ರ ನೋಟೀಸ್ ಬರ್ತದ. ಈ ಸಲ ನಾನ ಕಳಸ್ತೀನಿ.”

ಮುಂಬಯಿ ರಾಜ್ಯ ಹೋಗಿ ಮೈಸೂರು ರಾಜ್ಯ ಬಂದಿತ್ತು, ಕಾಯಿದೆ ಅದೇ ಇತ್ತು. ಮರುದಿನ ಅವರು ಮೇಲಿನ ಕಚೇರಿಗೆ ಪತ್ರ ಬರೆದರು. ಐದು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿನಿಯ ಬಗ್ಗೆ ತಾವು ತಪ್ಪು ನಮೂದು ಮಾಡಿದ್ದನ್ನು ಒಪ್ಪಿಕೊಂಡರು. ಜಯತೀರ್ಥರಿಗೂ ಬರೆದು, ಪಾಠ ತೆಗೆಯಿರೆಂದು ಕೇಳಿಕೊಂಡರು. ಎರಡನೇ ಮುದ್ರಣ ಆಗಿಬಿಟ್ಟಿದೆ, ಇಷ್ಟು ಚೆಂದದ ಪಾಠಕ್ಕೆ ಏನಾಗಿದೆ ಎಂದು ಅವರಿಂದ ಉತ್ತರ ಬಂತು. ಪಾಠ ಉಳಿಯಿತು. ತರಗತಿಯಲ್ಲಿ ಅದು ಬಂದಾಗ ಅನಸೂಯಾಬಾಯಿ ಮಕ್ಕಳಿಗೆ, “ಈ ಹುಡುಗಿ ಅತ್ತಿದ್ಳು. ನಾ ನಕ್ಕಳು ಅಂತ ಬರದೆ” ಎಂದು ಹೇಳಿದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು.

ಸಂಗವ್ವ ಶಾಲೆಯಲ್ಲೇ ಉಳಿದಳು. ಅನಸೂಯಾಬಾಯಿಗೆ ಮಾತ್ರ ಕಚೇರಿಯಿಂದ ಛೀಮಾರಿ ಬಂತು, ಅದರ ಹಿಂದೆಯೇ ಬಾದಾಮಿ ಕಡೆಯ ಹಳ್ಳಿಯೊಂದಕ್ಕೆ ವರ್ಗ. ಶಿಕ್ಷೆ ಸಿಕ್ಕರೆ ಮನಸ್ಸು ಹಗುರಾದೀತು ಎಂದುಕೊಂಡಿದ್ದರು, ಆಗಲಿಲ್ಲ.

ಹೊರಡುವ ಮುಂಜಾನೆ ಅವರು ಕೊನೆಯ ಸಲ ಆ ಮನೆಗೆ ಹೋದರು. ಹುಲಿಗೆವ್ವ ಒಬ್ಬಳೇ ಇದ್ದಳು. ಹುನಗುಂದದ ಕಡೆ ಅವಳ ಮದುವೆ ಗೊತ್ತಾಗಿತ್ತು.

“ಹುಲಿಗೆವ್ವಾ, ನನ್ನಿಂದ ಭಾಳ ತಪ್ಪಾತು.”

ಹೋಗಲಿ ಬಿಡ್ರಿ ಎನ್ನುತ್ತಾಳೆ ಎಂದು ಅವರ ಮನಸ್ಸಿನ ಒಂದು ಮೂಲೆ ಕಾಯುತ್ತಿತ್ತು. ಹುಲಿಗೆವ್ವ ಅವರನ್ನು ನೇರ ನೋಡಿದಳು.

“ಹೂಂನ್ರಿ ಅಕ್ಕೋರ, ತಪ್ಪಾಗೇತಿ” ಎಂದಳು. ಆಮೇಲೆ, “ಬಾದಾಮಿ ಬಸ್ಸು ಎಷ್ಟೊತ್ತಿಗೈತ್ರಿ?” ಎಂದು ಕೇಳಿ, ಕುಡಿಯಲು ನೀರು ತರಲು ಒಳಗೆ ಹೋದಳು.