ಗಾಳಿಗೆ ಅಲುಗದ ಗಿಡ

ಮೈದಾನದ ಮೂಲೆಯಲ್ಲಿ ಮಂಡಿಯೂರಿದ್ದ ಆ ಹುಡುಗಿಯನ್ನು ಮುಚ್ಚಿದವಳು ನಾನು. ಅವಳಿದ್ದ ಜಾಗದಲ್ಲಿ ಒಂದು ಹೂವಿನ ಗಿಡ ತಂದು ನಿಲ್ಲಿಸಿದೆ. ಆ ಚಿತ್ರವನ್ನು ಶಿಕಾರಿಪುರ, ಸೊರಬ ಸೀಮೆಯ ಶಾಲೆಯಿಂದ ಶಾಲೆಗೆ ಹೊತ್ತುಕೊಂಡು ಹೋಗಿ, ಮಕ್ಕಳ ಕಣ್ಣಿಗೆ ಕಟ್ಟಿ, ‘ಎಲ್ಲ ಕಡೆ ತಿರುಗಿ ನೋಡಿ, ಇಲ್ಲಿ ಮುಚ್ಚುಮರೆ ಏನೂ ಇಲ್ಲ’ ಎಂದು ಹೇಳಿದವಳೂ ನಾನೇ. ಯಾರೂ ನನ್ನ ಕೈ ಹಿಡಿದು ಮಾಡಿಸಲಿಲ್ಲ. ಹೇಳಿದರು, ಮಾಡಿದೆ. ಚೆನ್ನಾಗಿಯೇ ಮಾಡಿದೆ — ಅದೇ ಈಗ ಹೆಚ್ಚು ಸುಡುವುದು.

ಸೊರಬದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಗಂಡನದೊಂದು ಫೋಟೋ ಸ್ಟುಡಿಯೋ. ಅವರು ಮದುವೆ, ಗೃಹಪ್ರವೇಶಗಳಿಗೆ ಹೋಗಿ ಚಿತ್ರ ತೆಗೆದು ತರುತ್ತಿದ್ದರು. ನಾನು ಕಂಪ್ಯೂಟರಿನ ಮುಂದೆ ಕೂತು ಅದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಕೊಡುತ್ತಿದ್ದೆ. ಮುನಿಸಿಕೊಂಡ ಮಾವನ ಮುಖವನ್ನು ಚೌಕಟ್ಟಿನಿಂದ ಹೊರಗೆ ಹಾಕುವುದು, ಮದುಮಗಳ ಕಣ್ಣಿನ ಕೆಳಗಿನ ಕಪ್ಪನ್ನು ತೊಳೆಯುವುದು — ಇವೆಲ್ಲ ನನ್ನ ಕೈಗೆ ಪಳಗಿದ ಕೆಲಸ. ಯಾರಿಗೂ ನೋವಾಗದ ಸುಳ್ಳುಗಳು ಅಂದುಕೊಂಡಿದ್ದೆ. ಅಲ್ಲಿಂದಲೇ ಶುರುವಾಯಿತೋ ಏನೋ.

ಬೇರೆ ಜಿಲ್ಲೆಯ ಒಂದು ಖಾಸಗಿ ಮಿಲಿಟರಿ ಕಾಲೇಜಿನವರು ನಮ್ಮನ್ನು ಹುಡುಕಿಕೊಂಡು ಬಂದರು. ಎಸ್ಸೆಸ್ಸೆಲ್ಸಿ ಮುಗಿಸಿದವರನ್ನು ಸೇರಿಸಿಕೊಂಡು, ಪಿಯುಸಿಯ ಜೊತೆಗೆ ಸೇನೆಯ ಪರೀಕ್ಷೆಗೆ ತಯಾರು ಮಾಡುವ ವಸತಿ ಕಾಲೇಜು. ಪಿಯುಸಿ ಮುಗಿಸಿ ನೇರ ಸೇನಾಧಿಕಾರಿಯ ತರಬೇತಿಗೆ ಹೋಗುವ ದಾರಿ ಹೆಣ್ಣುಮಕ್ಕಳಿಗೂ ಆಗಷ್ಟೇ ತೆರೆದಿತ್ತು. ಹಳ್ಳಿಗಳಿಂದ ಹುಡುಗಿಯರನ್ನು ಸೆಳೆಯಬೇಕೆಂದು ಅವರಿಗೆ ಆಸೆ. ಅಷ್ಟು ದೂರ ತಂದೆತಾಯಿ ಬಂದು ನೋಡುವುದಿಲ್ಲ, ಆದ್ದರಿಂದ ಕಾಲೇಜನ್ನೇ ಅವರ ಕಣ್ಣಮುಂದೆ ಇಡೋಣ ಅಂದರು. ಕನ್ನಡಕದಂತೆ ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡರೆ ಮೈದಾನದ ನಡುವೆ ನಿಂತ ಹಾಗೆ ಆಗಬೇಕು, ಕತ್ತು ತಿರುಗಿಸಿದ ಕಡೆಯೆಲ್ಲ ಕಾಲೇಜೇ ಕಾಣಬೇಕು.

ನನ್ನ ಗಂಡನಿಗೆ ಆಗ ಕಾಲುನೋವು. ನಾನೇ ಹೋದೆ. ಸುತ್ತಲೂ ಕಣ್ಣಿರುವ ಕ್ಯಾಮೆರಾ ಅದು, ಎಲ್ಲ ದಿಕ್ಕನ್ನೂ ಒಟ್ಟಿಗೇ ಹಿಡಿಯುತ್ತದೆ. ಅದನ್ನು ನಿಲ್ಲಿಸಿದ ಮೇಲೆ ನಾವು ಮರೆಯಾಗಬೇಕು. ನಾನು ನೀರಿನ ಟ್ಯಾಂಕಿನ ಹಿಂದೆ ನಿಂತೆ. ಬೂಟುಗಳ ಸದ್ದು ಕೇಳಿತು, ಕೂಗು ಕೇಳಿತು. ಏನೂ ಕಾಣಲಿಲ್ಲ.

ಕಂಡದ್ದು ಸೊರಬಕ್ಕೆ ಬಂದ ಮೇಲೆ. ಮುಂದೆ ಧ್ವಜ, ಸಾಲು ಸಾಲು ಹೆಜ್ಜೆ ಹಾಕುವ ಮಕ್ಕಳು. ಚಿತ್ರವನ್ನು ಹಿಂದಿನ ದಿಕ್ಕಿಗೆ ತಿರುಗಿಸಿದೆ. ಊಟದ ಮನೆಯ ಗೋಡೆಯ ಪಕ್ಕ, ಜಲ್ಲಿ ಹರಡಿದ ಜಾಗದಲ್ಲಿ ಒಬ್ಬ ಹುಡುಗಿ ಬರೀ ಮಂಡಿಯಲ್ಲಿ ಕೂತಿದ್ದಳು. ಎರಡೂ ಕೈ ಮೇಲೆತ್ತಿ ತಲೆಯ ಮೇಲೆ ತಗಡಿನ ಟ್ರಂಕು ಹಿಡಿದಿದ್ದಳು. ಸುಡುಬಿಸಿಲು. ನೋಡನೋಡುತ್ತ ಅವಳು ಪಕ್ಕಕ್ಕೆ ಉರುಳಿದಳು. ಎದುರಿಗಿದ್ದ ತರಬೇತುದಾರ ಬೂಟಿನ ತುದಿಯಿಂದ ಅವಳ ಭುಜ ಮುಟ್ಟಿದ. ಅವಳು ಎದ್ದಳು. ಮತ್ತೆ ಮಂಡಿಯೂರಿದಳು, ಮತ್ತೆ ಟ್ರಂಕು ಎತ್ತಿದಳು.

ಕಾಲೇಜಿನ ಪ್ರಚಾರ ನೋಡಿಕೊಳ್ಳುವವರಿಗೆ ಫೋನು ಮಾಡಿದೆ. ಮೆತ್ತನೆಯ ಮಾತಿನ ಮನುಷ್ಯ.

“ಅದು ಡಿಸಿಪ್ಲಿನ್ ಮೇಡಂ. ಒಳಗಿನವರಿಗೆ ಅರ್ಥ ಆಗುತ್ತೆ, ಹೊರಗಿನವರಿಗೆ ಆಗಲ್ಲ. ಅಷ್ಟು ಜಾಗ ಮುಚ್ಚಿಬಿಡಿ.”

“ಮತ್ತೊಮ್ಮೆ ಬಂದು ತೆಗೀಲಾ?”

“ಅಷ್ಟು ಟೈಮಿಲ್ಲ. ಮುಚ್ಚಿ ಸಾಕು.”

ಗೇಟಿನ ಹತ್ತಿರ ಕೆಂಪು ಬೋಗನ್‌ವಿಲ್ಲಾ, ನಾವು ಕಾಗದದ ಹೂವು ಅನ್ನುವ ಗಿಡವೊಂದಿತ್ತು. ಅದನ್ನು ಒಂದು ನಿಂತ ಚಿತ್ರವಾಗಿ ಕತ್ತರಿಸಿ ತಂದು, ಹುಡುಗಿಯೂ ತರಬೇತುದಾರನೂ ಮರೆಯಾಗುವಂತೆ ಕೂರಿಸಿದೆ. ಬಣ್ಣ ಹೊಂದಿಸಿದೆ, ನೆರಳು ಎಳೆದೆ. ಗಂಡನನ್ನು ಕರೆದು ತೋರಿಸಿದೆ. “ಎಂತ ಕೈಯೇ ಮಾರಾಯ್ತಿ ನಿಂದು! ಗೊತ್ತೇ ಆಗ್ತಿಲ್ಲ” ಅಂದರು. ಅವರಿಗೆ ಗಿಡದ ಹಿಂದೆ ಏನಿದೆ ಎಂದು ಹೇಳಲಿಲ್ಲ. ನನಗೆ ಹೆಮ್ಮೆಯಾಯಿತು. ಹೌದು, ಆ ಹೊತ್ತಿಗೆ ಆದದ್ದು ಹೆಮ್ಮೆಯೇ.

ಶಾಲೆಗಳಿಗೆ ಹೋಗಿ ತೋರಿಸುವ ಕೆಲಸವನ್ನೂ ನನಗೇ ವಹಿಸಿದರು. ಹೆಂಗಸು ಹೋದರೆ ತಾಯಂದಿರು ನಂಬುತ್ತಾರೆ, ಅದೂ ಇದೇ ಸೀಮೆಯವಳಾದರೆ... ಅವರ ಲೆಕ್ಕಾಚಾರ ತಪ್ಪಲಿಲ್ಲ. ಹೆಡ್‌ಸೆಟ್ ಕಟ್ಟಿದ ಕೂಡಲೇ ಮಕ್ಕಳ ಬಾಯಿ ತೆರೆದುಕೊಳ್ಳುತ್ತಿತ್ತು. ಕೆಲವರು ಕೈಚಾಚಿ ಧ್ವಜ ಮುಟ್ಟಲು ಹೋಗುತ್ತಿದ್ದರು. ಒಬ್ಬ ಹುಡುಗಿ ತನ್ನ ಪಾಡಿಗೆ ಎಡ–ಬಲ ಹೆಜ್ಜೆ ಹಾಕಿ ಬೆಂಚಿಗೆ ಎಡವಿದಳು, ಎಲ್ಲರೂ ನಕ್ಕರು, ನಾನೂ ನಕ್ಕೆ.

ಬಳ್ಳಿಗಾವಿಯ ಹತ್ತಿರದ ಒಂದು ಶಾಲೆಯಲ್ಲಿ ರೇಣುಕಾ ಸಿಕ್ಕಳು. ಹತ್ತನೇ ತರಗತಿ. ಓಟದಲ್ಲಿ ಜಿಲ್ಲಾಮಟ್ಟಕ್ಕೆ ಹೋಗಿ ಬಂದವಳು. ಕುರಿ ಸಾಕುವ ಮನೆಯವಳು. ಬೇರೆ ಮಕ್ಕಳೆಲ್ಲ ಧ್ವಜದ ಕಡೆ ನೋಡಿದರೆ, ಇವಳು ಕಟ್ಟಿಕೊಂಡ ತಕ್ಷಣ ಪೂರ್ತಿ ಹಿಂದಕ್ಕೆ ತಿರುಗಿ ನಿಂತಳು.

“ಮೇಡಂ, ಇಲ್ಲೊಂದು ಹೂವಿನ ಗಿಡ ಐತಲ್ರೀ... ಉಳಿದ ಗಿಡ ಎಲ್ಲಾ ಗಾಳಿಗೆ ಅಲುಗ್ತಾವು. ಇದೊಂದು ಯಾಕೆ ಅಲುಗವಲ್ದು?”

ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಒಂದು ಮಾತು — ‘ಅದು ನಾನು ಇಟ್ಟದ್ದು’ — ಅಷ್ಟು ಸಾಕಿತ್ತು. ಮಾಸ್ತರರು ಪಕ್ಕದಲ್ಲಿದ್ದರು. ನನ್ನ ಬಾಯಿಂದ ಬಂದದ್ದು ಬೇರೆ.

“ಅಲ್ಲಿ ಗೋಡೆ ಮರೆ ಇದೆ ಅಲ್ದಾ, ಗಾಳಿ ಬೀಸಲ್ಲ.”

“ಹೌದಲ್ಲ” ಅಂದಳು. ನಂಬಿದಳು. ಮತ್ತೆ ಧ್ವಜದ ಕಡೆ ತಿರುಗಿದಳು.

ಮರುವಾರ ಅವಳ ಅಪ್ಪ ಹನುಮಂತಪ್ಪ ಶಾಲೆಗೆ ಬಂದರು. ಅವರಿಗೂ ಹೆಡ್‌ಸೆಟ್ ಕಟ್ಟಿದೆ. ಬಹಳ ಹೊತ್ತು ನೋಡಿ, ತೆಗೆದು, ಕಣ್ಣೊರೆಸಿಕೊಂಡು, ನನ್ನನ್ನು ಪಕ್ಕಕ್ಕೆ ಕರೆದರು.

“ಚಲೋ ಐತಿ. ಆದ್ರೆ ಒಂದು ಮಾತು ಕೇಳ್ತೀನ್ರೀ. ಹುಡುಗ್ರನ್ನ ಹೊಡಿಯೋದು ಬಡಿಯೋದು ಏನಾರ ಐತೇನು ಅಲ್ಲಿ? ನೀವು ಹೋಗಿ ಬಂದೋರು.”

“ನಾನು ಅಲ್ಲಿ ಕಣ್ಣಾರೆ ಕಂಡಿದ್ದು ಅಂಥದ್ದೇನಿಲ್ಲ” ಅಂದೆ.

ಟ್ಯಾಂಕಿನ ಹಿಂದೆ ನಿಂತಿದ್ದೆನಲ್ಲ, ಕಂಡಿರಲಿಲ್ಲ — ಮಾತು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎಷ್ಟು ನಾಜೂಕಾಗಿ ಆರಿಸಿದ್ದೆ ಆ ಮಾತನ್ನು! ಮನುಷ್ಯ ಕೈಮುಗಿದು ಹೋದರು. ಜೂನ್‌ನಲ್ಲಿ ರೇಣುಕಾ ಆ ಕಾಲೇಜು ಸೇರಿದಳು.

ಮರುವರ್ಷ, ಬೇಸಿಗೆಗೆ ಮುಂಚೆ, ಶಿಕಾರಿಪುರದ ಒಂದು ಶಾಲೆಗೆ ಹೊರಟಿದ್ದೆ. ಆಸ್ಪತ್ರೆಯ ಗೇಟಿನಲ್ಲಿ ಹನುಮಂತಪ್ಪ ಕಂಡರು. ತಲೆ ತಪ್ಪಿಸಿಕೊಳ್ಳಬೇಕೆನಿಸಿತು, ಆದರೆ ಅವರೇ ಓಡಿ ಬಂದರು. ಮಗಳಿಗೆ ಮಂಡಿಗೆ ಪೆಟ್ಟಾಗಿ ಕೀವಾಗಿತ್ತಂತೆ, ಆಪರೇಷನ್ ಆಗಿತ್ತಂತೆ. ಮೈದಾನದಲ್ಲಿ ಬಿದ್ದಳು ಎಂದು ಕಾಲೇಜಿನವರು ಹೇಳಿ, ವಾಪಸು ಕಳಿಸಿದ್ದರು.

“ಮಿಲಿಟ್ರಿ ಅಂದ ಮ್ಯಾಗೆ ಬೀಳೋದು ಏಳೋದು ಇರ್ತೈತಿ, ಯಾರನ್ನ ಬಯ್ಯೋಣ? ಬರ್ರೀ, ನಿಮ್ಮನ್ನ ನೋಡಿದ್ರೆ ಆಕಿಗೆ ಸಮಾಧಾನ ಆಗ್ತೈತಿ” ಎಂದು ಒಳಗೆ ಕರೆದುಕೊಂಡು ಹೋದರು.

ರೇಣುಕಾ ಕಾಲು ಚಾಚಿ ಕೂತಿದ್ದಳು. ಮುಖ ಸಣ್ಣದಾಗಿತ್ತು. ಅಪ್ಪ ಔಷಧಿ ಚೀಟಿ ಹಿಡಿದು ಹೊರಗೆ ಹೋದಾಗ ಅವಳು ಮೆಲ್ಲಗೆ ಹೇಳಿದಳು:

“ಮೇಡಂ, ಹೋದ ದಿನಾನೇ ಆ ಗಿಡ ಹುಡುಕಿದೆ. ಇರ್ಲಿಲ್ಲ. ಕಡಿದಿರಬೇಕು ಅಂದ್ಕಂಡೆ. ಅಲ್ಲಿ ಬರೀ ಜಲ್ಲಿ ಇತ್ತು. ಅಲ್ಲೇ ನಮ್ಮನ್ನ...”

ನಿಲ್ಲಿಸಿದಳು. ನಾನು ಕೇಳಬೇಕಿತ್ತು. ಕೇಳಲಿಲ್ಲ.

“ಅಪ್ಪಗೆ ಹೇಳಬ್ಯಾಡ್ರಿ. ನಾನೇ ಹಟ ಮಾಡಿ ಹೋದೋಳು.”

ಕಡಿದಿರಬೇಕು ಅಂದುಕೊಂಡಳಂತೆ! ನಾನು ಸುಳ್ಳು ಹೇಳಿರಬಹುದು ಎಂಬ ಯೋಚನೆ ಆ ಹುಡುಗಿಗೆ ಬರಲೇ ಇಲ್ಲ. ಅವಳ ತಲೆ ಸವರಿದೆ. ‘ಬೇಗ ವಾಸಿಯಾಗುತ್ತೆ’ ಅಂದೆ. ಎದ್ದು ಬಂದೆ.

ಇನ್ನೂ ಒಂದಿದೆ, ಇದನ್ನು ಹೇಳದೆ ಬಿಟ್ಟರೆ ಇಷ್ಟು ಹೇಳಿದ್ದೂ ವ್ಯರ್ಥ. ಆಸ್ಪತ್ರೆಯಿಂದ ನಾನು ಮನೆಗೆ ಹೋಗಲಿಲ್ಲ. ಒಪ್ಪಿಕೊಂಡಿದ್ದ ಶಾಲೆಗೆ ಹೋದೆ. ಅದೇ ಮಧ್ಯಾಹ್ನ, ಅದೇ ಚಿತ್ರವನ್ನು, ಬೇರೆ ಮಕ್ಕಳ ಕಣ್ಣಿಗೆ ಕಟ್ಟಿದೆ.

ಆಮೇಲೆ ನೆಮ್ಮದಿ ಹೋಯಿತು. ಮಗು ಯಾವುದಾದರೂ ಹಿಂದಕ್ಕೆ ತಿರುಗಿತೆಂದರೆ ‘ಈ ಕಡೆ ನೋಡು, ಧ್ವಜ ನೋಡು’ ಎಂದು ಭುಜ ಹಿಡಿದು ತಿರುಗಿಸುತ್ತಿದ್ದೆ. ಆ ವರ್ಷದ ಕೆಲಸ ಮುಗಿಸಿ, ಆರೋಗ್ಯ ಸರಿಯಿಲ್ಲವೆಂದು ಹೇಳಿ ಬಿಟ್ಟೆ. ಬಿಟ್ಟರೂ ಹೆದರಿಕೆ ಬಿಡಲಿಲ್ಲ. ಶಿಕಾರಿಪುರದ ಬಸ್ಸು ಹತ್ತುವುದನ್ನೇ ನಿಲ್ಲಿಸಿದೆ. ಹಳೆಯದೊಂದು ಹೆಡ್‌ಸೆಟ್ಟಿನ ಜೊತೆ ಮೂಲ ಚಿತ್ರ ಮಾತ್ರ ನನ್ನ ಬಳಿ ಉಳಿದಿತ್ತು. ಅಳಿಸಬೇಕೆಂದು ಎಷ್ಟೋ ಸಲ ಕೂತೆ. ಅಳಿಸಲೂ ಧೈರ್ಯವಿಲ್ಲ, ತೋರಿಸಲೂ ಇಲ್ಲ. ಹೀಗೇ ವರ್ಷಗಳು ಹೋದವು.

ಈ ವರ್ಷ ಹನುಮಂತಪ್ಪನವರೇ ಫೋನು ಮಾಡಿದರು. ದನಿಯಲ್ಲಿ ಅದೇ ಮರ್ಯಾದೆ.

“ನಮ್ಮ ಸಣ್ಣಾಕಿ ಎಸ್ಸೆಸ್ಸೆಲ್ಸಿ ಮುಗಿಸಿದ್ಲು ಮೇಡಂ. ಆಕೀನೂ ಅದೇ ಕಾಲೇಜಿಗೆ ಹೋಗ್ತೀನಿ ಅಂತಾಳೆ. ರೇಣುಕಾ ಬ್ಯಾಡ ಅಂತ ಅನ್ನ ಬಿಟ್ಟು ಕುಂತಾಳೆ. ಯಾಕೆ ಅಂದ್ರೆ ಬಾಯಿ ಬಿಡಂಗಿಲ್ಲ. ತನಗೆ ಆಗ್ಲಿಲ್ಲ ಅಂತ ತಂಗಿ ಮ್ಯಾಗೆ ಹೊಟ್ಟೆಕಿಚ್ಚು ಅಂತಾರೆ ಮನಿಯಾಗೆ. ನೀವೇ ಹೇಳ್ರಿ, ಕಳಿಸಬಹುದಾ?”

ಹೊಟ್ಟೆಕಿಚ್ಚು ಅಂತೆ. ಮಂಡಿ ಹಾಳಾದದ್ದು ಸಾಲದು ಎಂಬಂತೆ ಇದೂ ಅವಳ ತಲೆಯ ಮೇಲೆ —

“ಕಳಿಸಬೇಡಿ. ನಾನು ನಾಳೆ ಬರ್ತೇನೆ” ಅಂದೆ. ಫೋನು ಇಟ್ಟ ಮೇಲೆ ಗಂಡನಿಗೆ ಎಲ್ಲ ಹೇಳಿದೆ. ಅವರು ಬೆಳಿಗ್ಗೆ ಬಸ್ಸಿನವರೆಗೆ ಬಂದರು, ಅಷ್ಟೇ.

ಅವರ ಮನೆಯ ಅಂಗಳದಲ್ಲಿ, ಹಗಲು ಬೆಳಕಿನಲ್ಲಿ, ಹನುಮಂತಪ್ಪನವರಿಗೆ ಮೂಲ ಚಿತ್ರ ಹಾಕಿ ಹೆಡ್‌ಸೆಟ್ ಕಟ್ಟಿದೆ. “ಹಿಂದಕ್ಕೆ ತಿರುಗಿ” ಅಂದೆ. ತಿರುಗಿದರು. ಅವರ ಹೆಗಲು ಒಮ್ಮೆ ಜಗ್ಗಿತು. ಬಿದ್ದವಳನ್ನು ಹಿಡಿಯಲು ಹೋದವರಂತೆ ಕೈ ಮುಂದಕ್ಕೆ ಬಂತು, ಗಾಳಿಯಲ್ಲೇ ನಿಂತಿತು.

ತೆಗೆದ ಮೇಲೆ ಕೇಳಿದರು: “ಇದನ್ನ ಯಾವಾಗ ನೋಡಿದ್ರಿ ನೀವು?”

“ಮೊದಲೇ.”

“ನಾ ಕೇಳೋಕಿಂತ ಮುಂಚೆ?”

“ಹೌದು.”

ಅವರು ನನ್ನನ್ನು ಬಯ್ಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದ ರೇಣುಕಾಳ ಹತ್ತಿರ ಹೋಗಿ ಅವಳ ಕಾಲ ಬಳಿ ಕುಕ್ಕರಿಸಿದರು. “ನಿನಗೂ ಹಿಂಗೇ ಮಾಡಿದ್ರಾ ಅವ್ವಾ?” ಅಂದರು. ಅವಳು ಹೌದೆಂದು ತಲೆ ಆಡಿಸಿದಳು. ಒಳಗಿಂದ ಅವಳ ತಾಯಿ ಅಳುವ ಸದ್ದು. ತಂಗಿ ಕಂಬಕ್ಕೆ ಆತು ಅಕ್ಕನನ್ನೇ ನೋಡುತ್ತಿದ್ದಳು.

ನಾನು ಕ್ಷಮೆ ಎಂಬ ಮಾತಿಗೆ ಬಾಯಿ ತೆರೆದೆ. ರೇಣುಕಾ ತಡೆದಳು.

“ಎಷ್ಟು ಸಾಲಿಯಾಗೆ ತೋರಿಸಿದ್ರಿ ಅದನ್ನ?”

“ಬಹಳ.”

“ಅಲ್ಲೆಲ್ಲಾ ಹೋಗಿ ಹೇಳ್ರಿ. ನಮ್ಮ ಮುಂದೆ ಅತ್ರೆ ಏನು ಬಂತು?”

ಮೂಲ ಚಿತ್ರವನ್ನು ಶಿವಮೊಗ್ಗಕ್ಕೆ ಹೋಗಿ ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೆ ಕೊಟ್ಟೆ, ಮುಚ್ಚಿದವಳು ನಾನೇ ಎಂದು ಹೇಳಿಕೆಗೆ ಸಹಿ ಹಾಕಿದೆ. ವಿಚಾರಣೆ ನಡೆಯುತ್ತಿದೆ. ಕಾಲೇಜಿನ ವಕೀಲರ ನೋಟಿಸು ನನಗೂ ಬಂದಿದೆ. ರೇಣುಕಾ ಶಿಕಾರಿಪುರದಲ್ಲಿ ಡಿಗ್ರಿ ಓದುತ್ತಿದ್ದಾಳೆ; ಆ ಮಂಡಿ ಪೂರ್ತಿ ಮಡಚುವುದಿಲ್ಲ. ಸೇನೆ ಇರಲಿ, ಮೈದಾನವೂ ಅವಳಿಗೆ ಇಲ್ಲ. ಅದಕ್ಕೆ ನಾನು ಕೊಡಬಹುದಾದದ್ದು ಏನೂ ಇಲ್ಲ.

ಶಾಲೆಗಳಿಗೆ ಹೋಗಲು ಶುರುಮಾಡಿದ್ದೇನೆ. ಕೆಲವು ಕಡೆ ಒಳಗೆ ಬಿಡಲಿಲ್ಲ. ಮೊನ್ನೆ ಸೊರಬದ ಹತ್ತಿರದ ಒಂದು ಶಾಲೆಯಲ್ಲಿ ಬಿಟ್ಟರು. ಮಕ್ಕಳ ಮುಂದೆ ನಿಂತು, ಇಲ್ಲಿ ಬರೆದಷ್ಟನ್ನೂ ಹೇಳಿದೆ. ನಡುವೆ ಎರಡು ಸಲ ನೀರು ಕುಡಿದೆ. ಹೇಳಿ ಮುಗಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಆವತ್ತು ನಮ್ಮಕ್ಕನೂ ನಿಮ್ಮ ಮಾತು ನಂಬಿ ಆ ಕಾಲೇಜಿಗೆ ಹೋದ್ಲು ಮೇಡಂ. ಈಗ ಹೇಳ್ತಿರೋದನ್ನ ನಾವು ಎಂತಕ್ಕೆ ನಂಬಬೇಕು?”

ಮಾಸ್ತರರು ಅವಳನ್ನು ಕೂರಿಸಲು ಹೋದರು, ಬೇಡ ಅಂದೆ. “ಗೊತ್ತಿಲ್ಲ” ಅಂದೆ. ಅವಳು ನಿಂತೇ ಇದ್ದಳು, ನಾನೂ ನಿಂತೇ ಇದ್ದೆ, ಗಂಟೆ ಹೊಡೆಯುವವರೆಗೆ.

ಅವಳ ಅಕ್ಕ ಈಗ ಎಲ್ಲಿದ್ದಾಳೆ ಎಂದು ಕೇಳಲು ನನಗೆ ಇನ್ನೂ ಧೈರ್ಯ ಬಂದಿಲ್ಲ. ನಾಳೆ ಕುಬಟೂರಿನ ಕಡೆಯ ಶಾಲೆಗೆ ಹೋಗಬೇಕು. ಅದಕ್ಕೂ ಮೊದಲು ಆ ಹುಡುಗಿಯ ಮನೆಗೆ ಹೋಗಿ ಕೇಳಬೇಕು.