ಇಳಿಯೋರು ಇಳೀರಿ

ಫ್ರೆಂಡ್ಸ್, ದಯವಿಟ್ಟು ಯಾರೂ ನಗಬೇಡಿ. ನನ್ನ ರೀಲ್ಸ್ ಚಟ ಬಿಡಿಸಲೆಂದು ಹಾಸ್ಟೆಲ್ ರೂಮ್‌ಮೇಟ್ ಇವತ್ತು ಬೆಳಿಗ್ಗೆ ಒಂದು ವೆಬ್‌ಸೈಟಿನ ಲಿಂಕ್ ಕಳಿಸಿದಳು. ಮುಗಿಯದ ಸ್ಕ್ರೋಲಿಂಗನ್ನು ಗೇಲಿ ಮಾಡುವ ಪುಟ ಅದು. ಎಷ್ಟು ಕೆಳಗೆ ಹೋದರೂ ಬರೀ ಬಿಳಿ ಪರದೆ, ನಡುನಡುವೆ "ಇನ್ನೂ ಇಳೀತಿದೀಯಾ? ಬೇರೆ ಕೆಲಸ ಇಲ್ವಾ?" ಎಂಬ ಸಾಲು.

ಕೆಲಸ ಇತ್ತು. ಬನಶಂಕರಿಯಲ್ಲಿ ಬಸ್ ಹತ್ತಿ, ಜಯನಗರ ಫೋರ್ತ್ ಬ್ಲಾಕಿನಲ್ಲಿ ಇಳಿದು, ಹತ್ತು ಗಂಟೆಗೆ ಕಾಲೇಜು ಜೀವನದ ಮೊದಲ ಇಂಟರ್ನಲ್ಸ್ ಪರೀಕ್ಷೆ ಬರೆಯಬೇಕಿತ್ತು. ಆದರೆ ಈ ಪುಟಕ್ಕೆ ಕೊನೆ ಇದೆಯೋ ಇಲ್ಲವೋ ನೋಡೇಬಿಡೋಣ ಎಂದು ಬಸ್ಸಿನಲ್ಲಿ ಕೂತು ಇಳಿಯುತ್ತಲೇ ಹೋದೆ.

ತಲೆ ಎತ್ತಿದಾಗ ಬಸ್ ಖಾಲಿ. ಎದುರಿಗೆ ಕಂಡಕ್ಟರ್.

"ಏನಮ್ಮಾ, ಫೋರ್ತ್ ಬ್ಲಾಕ್ ಇಳಿಯೋರು ಇಳೀರಿ ಅಂತ ಗಂಟಲು ಹರ್ಕೊಂಡೆ. ನೀನ್ಯಾಕೆ ಇಳೀಲಿಲ್ಲ?"

ಗಾಬರಿಯಲ್ಲಿ ನಿಜವೇ ಬಾಯಿಗೆ ಬಂತು. "ಇಳೀತಾನೇ ಇದ್ದೆ ಅಣ್ಣಾ."

"ಚೆನ್ನಾಗಿ ಇಳಿದೆ ಬಿಡು. ಇದು ಲಾಸ್ಟ್ ಸ್ಟಾಪು."

ಆಟೋದಲ್ಲಿ ವಾಪಸ್ ಬಂದು ಕ್ಲಾಸಿಗೆ ನುಗ್ಗುವಷ್ಟರಲ್ಲಿ ಪರೀಕ್ಷೆ ಶುರುವಾಗಿ ಅರ್ಧ ಗಂಟೆ ಕಳೆದಿತ್ತು. ಟೈಮ್ ಸಾಲದೆ, ಗೊತ್ತಿದ್ದ ಎರಡು ಪ್ರಶ್ನೆಗಳನ್ನೂ ಬಿಟ್ಟು ಬಂದೆ. ಹೊರಗೆ ಬಂದು ಫೋನ್ ತೆಗೆದರೆ ರೂಮ್‌ಮೇಟ್ ಮೆಸೇಜ್: "ಹೆಂಗಿದೆ ಸೈಟು? ಕೊನೆ ಸಿಕ್ತಾ?"

ಸಿಕ್ತು ಕಣೇ. ಬಸ್ಸಿನದು.